ರದ್ದು ಮಾಡಲು ಬಾರದವರು

ನಮ್ಮ ತಾಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಚಾಲುಕ್ಯರ ಶಾಸನಗಳಿವೆ. ಸಾವಿರ ವರ್ಷದಷ್ಟು ಹಳೆಯವು. ಇರಲಿ, ಉಳಿಯಲೆಂದೇ ಕಲ್ಲಿನಲ್ಲಿ ಕೆತ್ತಿದ್ದು. ನನ್ನ ಸಿಟ್ಟು ಉಳಿಯಬಾರದ ಕಾಗದದ ಮೇಲೆ.

1997ರಲ್ಲಿ ನಮ್ಮ ಹರಪನಹಳ್ಳಿ ತಾಲೂಕನ್ನು ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಕೊಟ್ಟರು. 2018ರಲ್ಲಿ ಮತ್ತೆ ಬಳ್ಳಾರಿ. 2021ರಲ್ಲಿ ವಿಜಯನಗರ. ನಾವು ಕೂತಲ್ಲೇ ಕೂತಿದ್ದೇವೆ. ಜಿಲ್ಲೆಗಳೇ ಬಂದು ಹೋದವು. ಹೋಗುವಾಗ ತಮ್ಮ ಸುತ್ತೋಲೆಗಳನ್ನು ಒಯ್ಯಲಿಲ್ಲ.

ಮೊನ್ನೆ ಒಂದು ಕಚೇರಿಯಲ್ಲಿ ಹಳೇ ಜಿಲ್ಲೆಯ ಸುತ್ತೋಲೆ ತೋರಿಸಿ ನನ್ನ ಅರ್ಜಿ ವಾಪಸ್ ಕೊಟ್ಟರು. ಆ ಜಿಲ್ಲೆ ಈಗ ನಮ್ಮದಲ್ಲವಲ್ಲ ಅಂದೆ.

“ಜಿಲ್ಲೆ ಹೋಗೇತ್ರಿ ಯಜಮಾನ್ರೆ. ಸುತ್ತೋಲೆ ರದ್ದಾಗಿಲ್ಲ.”

ಹೊರಗೆ ಬಂದರೆ ಚರಂಡಿ. ಅದರೊಳಗಿನ ಇ. ಕೋಲಿ ಬ್ಯಾಕ್ಟೀರಿಯಾದ ಮೇಲೆ ಗೌರವ ಹುಟ್ಟಿತು. ಅದಕ್ಕೂ ಶಾಸನವಿದೆ: ಡಿಎನ್‌ಎ. ಅದನ್ನು ನಕಲು ಮಾಡಿ ಹೊರಡಿಸುವ ಸುತ್ತೋಲೆಯೇ ಎಂಆರ್‌ಎನ್‌ಎ. ಹೆಚ್ಚಿನವುಗಳ ಪ್ರತಿಗಳಲ್ಲಿ ಅರ್ಧದಷ್ಟು ಕೆಲವೇ ನಿಮಿಷಗಳಲ್ಲಿ ಚೂರು.

ಎಷ್ಟೋ ಸಲ ಮೊದಲು ತಲೆಯ ಮುದ್ರೆ ಹಾರುತ್ತದೆ: ಮೂರು ಫಾಸ್ಫೇಟುಗಳಲ್ಲಿ ಎರಡು ಕಳಚುತ್ತವೆ. ಆಮೇಲೆ ಆರ್‌ಎನ್‌ಏಸ್-ಇ ಎಂಬ ಕಿಣ್ವ ನಡುವೆ ತುಂಡರಿಸುತ್ತದೆ. ತುಂಡುಗಳನ್ನು ಬೇರೆ ಕಿಣ್ವಗಳು ತುದಿಯಿಂದ ಮೇಯುತ್ತವೆ. ಉಳಿಯುವುದು ಬಿಡಿ ಅಕ್ಷರ. ಅದೂ ದಂಡವಲ್ಲ, ಮುಂದಿನ ಆದೇಶಕ್ಕೆ ಬಳಕೆ.

ಇದಕ್ಕೆ ಸಮಿತಿ ಇಲ್ಲ. ಉಪಸಮಿತಿ ಇಲ್ಲ. ಪ್ರವಾಸಭತ್ಯೆಯೂ ಇಲ್ಲ.

ವಿವೇಚನೆ ಮಾತ್ರ ಇದೆ. ರೈಬೋಸೋಮುಗಳು ಸಾಲುಗಟ್ಟಿ ಓದಿ ಜಾರಿ ಮಾಡುತ್ತಿರುವ ಆದೇಶಕ್ಕೆ ಅವೇ ಕಾವಲು. ಯಾರೂ ಓದದ ಆದೇಶಕ್ಕೆ ಬೇಗ ಕತ್ತರಿ. ನಮ್ಮಲ್ಲಿ? ಜನರಿಗೆ ಅನುಕೂಲವಾಗುವ ಆದೇಶ ಕಪಾಟಿನಲ್ಲೇ ಮಾಯ. ಯಾರೂ ಓದದ್ದು ಚಿರಂಜೀವಿ.

ಇನ್ನೊಂದಿದೆ. ಬ್ಯಾಕ್ಟೀರಿಯಾದಲ್ಲಿ ಎಂಆರ್‌ಎನ್‌ಎಗೆ ‘ಎ’ ಅಕ್ಷರಗಳ ಬಾಲ ಹಚ್ಚಿದರೆ ಅದರ ಸಾವು ಹತ್ತಿರ. ಮನುಷ್ಯನ ಜೀವಕೋಶದಲ್ಲಿ ಅಂಥದೇ ಬಾಲ ಆಯಸ್ಸು ಕೊಡುತ್ತದೆ. ಲಗತ್ತು ಒಂದು, ಲಗತ್ತು ಎರಡು, ಲಗತ್ತು ಮೂರು ಎಂದು ಕಡತ ಬೆಳೆಸುವ ಚಟ ನಮಗೆ ಎಲ್ಲಿಂದ ಬಂತು ಎಂದು ಈಗ ತಿಳಿಯಿತು.

ಬ್ಯಾಕ್ಟೀರಿಯಾಕ್ಕೆ ಈ ಉದಾರತೆ ಕೈಗೆಟುಕದು. ಹಳೇ ಆದೇಶ ಪಾಲಿಸುತ್ತ ಕೂತರೆ ಹೊಸ ಊಟ ಸಿಗುವುದಿಲ್ಲ, ಸಾಯುತ್ತದೆ. ಕಚೇರಿಗೆ ಆ ಭಯವಿಲ್ಲ. ಸಾಯುವವರು ಬೇರೆ.

ಆ ಕಚೇರಿಯ ಬಾಗಿಲಲ್ಲಿ ಕೊರೊನಾ ಕಾಲದ ಫಲಕ ಇನ್ನೂ ತೂಗುತ್ತಿದೆ: ‘ಕೈ ತೊಳೆದು ಒಳಗೆ ಬನ್ನಿ.’ ಕೆಳಗಿನ ನಲ್ಲಿಯನ್ನು ಯಾರೋ ಎಂದೋ ಕಿತ್ತೊಯ್ದಿದ್ದಾರೆ. ಆದೇಶ ಮಾತ್ರ ಗಟ್ಟಿಮುಟ್ಟಾಗಿದೆ.