ಮಳೆಯ ದುಡಿಮೆ, ಮನೆಯವರ ಹೆಸರು

ಏಪ್ರಿಲ್ ಕೊನೆಯ ಹೊತ್ತಿಗೆ ಮಲೆನಾಡಿನ ಹಿತ್ತಲಿಗೆ ಜೀವ ಬಂದರೆ ಅದರ ಕೀರ್ತಿ ಮನೆಯವರಿಗೆ ಸಲ್ಲುವುದು ಶುದ್ಧ ಅನ್ಯಾಯ. ಲೆಕ್ಕವನ್ನೇ ನೋಡಿ. 1 ಮಿಲಿಮೀಟರ್ ಮಳೆಯೆಂದರೆ ಚದರ ಮೀಟರಿಗೆ 1 ಲೀಟರ್ ನೀರು. 10 ಮಿಲಿಮೀಟರ್ ಸುರಿದರೆ ಗುಂಟೆಗೆ ಸುಮಾರು 1,000 ಲೀಟರ್, ಅಂದರೆ 10 ಲೀಟರಿನ 100 ಕೊಡ. ಬೇಸಿಗೆಯಿಡೀ ಬಸಳೆ ಬುಡಕ್ಕೆ ದಿನಕ್ಕೆರಡು ಚೊಂಬು ಹೊಯ್ದು ಸೊಂಟ ಹಿಡಿಸಿಕೊಂಡವರ ಸಾಧನೆಯನ್ನು ಮೋಡವೊಂದು ಅರ್ಧ ಗಂಟೆಯಲ್ಲಿ, ಕರೆಂಟಿಗೂ ಕಾಯದೆ, ಮೀರಿಸಿಬಿಡುತ್ತದೆ. ಸಾಲದ್ದಕ್ಕೆ ಎಲೆಗಳ ಧೂಳು ತೊಳೆದು, ದಾಸವಾಳದ ಚಿಗುರಿಗೆ ಮೆತ್ತಿಕೊಂಡ ಹಿಟ್ಟು ತಿಗಣೆಯನ್ನೂ ಒಂದಿಷ್ಟು ಉದುರಿಸುತ್ತದೆ.

ನಾವು ನೀರು ಹಾಕದಿದ್ದರೆ ಮಳೆ ಬರುವ ತನಕ ಗಿಡ ಉಳಿಯುತ್ತಿತ್ತೇ ಎಂದು ಮನೆಯವರು ಕೇಳಬಹುದು. ನ್ಯಾಯವೇ. ಅವರ ಪರವಾಗಿ ಇನ್ನೊಂದು ಮಾತನ್ನೂ ಸೇರಿಸೋಣ: ಕಾದು ಗಟ್ಟಿಯಾದ ನೆಲದಲ್ಲಿ ಮೊದಲ ಮಳೆಯ ಬಹುಪಾಲು ಇಂಗದೆ ಚರಂಡಿಯ ದಾರಿ ಹಿಡಿಯುತ್ತದೆ, ಪಾತಿ ಕಟ್ಟಿ, ದರಗು ಹಾಸಿದ ಕಡೆ ಬೇರಿಗಿಳಿಯುತ್ತದೆ. ಆದರೆ ಕಳೆಗಿಡಗಳ ಸಾಕ್ಷ್ಯವೇ ಬೇರೆ. ಯಾರೂ ಚೊಂಬು ತೋರಿಸದ ಗರಿಕೆ, ತುಂಬೆ, ನಾಚಿಕೆಮುಳ್ಳು ನೋಡನೋಡುತ್ತಲೇ ಬಸಳೆ ನಾಚುವಂತೆ ಎದ್ದು ನಿಲ್ಲುತ್ತವೆ. ಆರೈಕೆಯೇ ಕಾರಣವಾದರೆ ಇವುಗಳನ್ನು ಆರೈಕೆ ಮಾಡಿದವರು ಯಾರು? ಬಸಳೆಯ ಹೊಗಳಿಕೆ ಬೇಕೆನ್ನುವವರು ಕಳೆಯ ಹೊಣೆಯನ್ನೂ ಹೊರಬೇಕು. ಒಪ್ಪಿಗೆಯಿಲ್ಲದಿದ್ದರೆ ಎರಡನ್ನೂ ಮಳೆಯ ಖಾತೆಗೆ ಬರೆದು, ತಾವು ಬಗ್ಗಿ ಕಳೆ ಕೀಳಲಿ. ಮಳೆ ಮಾಡಿಕೊಡದ ಕೆಲಸ ಅದೊಂದೇ.