ಎದೆಯ ಮೇಲಿನ ಎಡ್ಡಿ

“ಅದೇನ್ರೀ, ಎದೆ ಮೇಲೆ ದೆವ್ವ ಕೂರಿಸ್ಕೊಂಡು ಗಿಡಕ್ಕೆ ನೀರು ಹಾಕ್ತಿದೀರಿ?” ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ರಾಯರು ಕೇಳಿದರು.

ದೆವ್ವ ಅಲ್ಲ ಸಾರ್, ಎಡ್ಡಿ ಅಂದೆ. ಇಂಗ್ಲೆಂಡಿನ ಐರನ್ ಮೇಡನ್ ಬ್ಯಾಂಡಿಗೆ ಇವನು ಮನೆದೇವರು ಇದ್ದ ಹಾಗೆ. 1980ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಮುಖಪುಟದಲ್ಲಿದ್ದ, ಡೆರೆಕ್ ರಿಗ್ಸ್ ಎಂಬ ಕಲಾವಿದ ಬರೆದ ಚಿತ್ರ. ಆಲ್ಬಮ್ ಬದಲಾದ ಹಾಗೆಲ್ಲ ವೇಷ ಬದಲಿಸುತ್ತಾನೆ, ಸುಕ್ಕುಗಟ್ಟಿದ ಹೆಣದ ಮುಖ ಮಾತ್ರ ಅದೇ. ನನ್ನ ಎಡ್ಡಿಗೆ ಈಗ ಅರ್ಧ ಹಲ್ಲಿಲ್ಲ. ಒಗೆದೂ ಒಗೆದೂ ಟೀಶರ್ಟಿನ ರಬ್ಬರ್ ಪ್ರಿಂಟು ಬಿರುಕು ಬಿಟ್ಟು, ಕೆಳದವಡೆ ಚಕ್ಕೆಚಕ್ಕೆಯಾಗಿ ಎದ್ದುಹೋಗಿದೆ. ಕಪ್ಪು ಹೋಗಿ ಬೂದಿ ಬಣ್ಣ ಬಂದಿದೆ, ಕತ್ತು ಜೋತುಬಿದ್ದಿದೆ. ನೆಲ ಒರೆಸೋಕೆ ಒಳ್ಳೆ ಬಟ್ಟೆ ಅಂತ ನಮ್ಮನೆಯವಳು ಇದರ ಮೇಲೆ ಕಣ್ಣಿಟ್ಟು ಬಹಳ ಕಾಲವಾಯಿತು.

“ಯಾವಾಗಿಂದು?” ಅಂದರು ರಾಯರು. ತಿರುಗಿ ಬೆನ್ನು ತೋರಿಸಿದೆ. ಬೆಂಗಳೂರು, ಮಾರ್ಚ್ 17, 2007. ಅವರು ಕನ್ನಡಕ ಏರಿಸಿ ಓದಿದವರೇ ಹಣೆ ಚಚ್ಚಿಕೊಂಡರು. “ಅಯ್ಯೋ, ಅವತ್ತೇ ಅಲ್ವೇನ್ರೀ ನಮ್ಮೋರು ಬಾಂಗ್ಲಾದೇಶದ ಕೈಲಿ ಸೋತಿದ್ದು!”

ಅವತ್ತೇ. ವಿಶ್ವಕಪ್, ಪೋರ್ಟ್ ಆಫ್ ಸ್ಪೇನ್, ನಮ್ಮ ದ್ರಾವಿಡ್ ಕ್ಯಾಪ್ಟನ್. 191ಕ್ಕೆ ಆಲ್‌ಔಟ್, ಐದು ವಿಕೆಟ್ ಸೋಲು. ನಮ್ಮ ಗಡಿಯಾರದಲ್ಲಿ ಸಂಜೆ ಏಳಕ್ಕೆ ಶುರುವಾದ ಮ್ಯಾಚು. ಅದೇ ಸಂಜೆ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಕಾರ್ಯಕ್ರಮ, ನಾವು ಸಾವಿರಾರು ಜನ ಕಪ್ಪು ಟೀಶರ್ಟು ತೊಟ್ಟು ಗಂಟಲು ಹರಿದುಕೊಳ್ಳುತ್ತಿದ್ದೆವು. ಊರಿನ ಒಂದು ಮೂಲೆಯಲ್ಲಿ ಜಾತ್ರೆ, ಉಳಿದ ಮನೆಮನೆಯಲ್ಲೂ ಸೂತಕ. ಇಷ್ಟು ವರ್ಷ ಪಕ್ಕಪಕ್ಕದಲ್ಲಿದ್ದರೂ ನಮಗಿಬ್ಬರಿಗೂ ಈ ಲೆಕ್ಕ ತಾಳೆಯಾದದ್ದು ಕಾಂಪೌಂಡಿನ ಬಳಿಯ ಈ ಮಾತಿನಲ್ಲೇ.

ಆ ಮಟ್ಟದ ಹೆವಿ ಮೆಟಲ್ ಬ್ಯಾಂಡು ಭಾರತಕ್ಕೆ ಬಂದದ್ದು ಅದೇ ಮೊದಲು. ಬಾಂಬೆ, ಡೆಲ್ಲಿ ಬಿಟ್ಟು ನಮ್ಮೂರಿಗೇ ಬಂದರಲ್ಲ ಅಂತ ನಮಗೆ ಕೋಡು ಮೂಡಿತ್ತು. ಮೊದಲು ದಿಲ್ಲಿಯ ಪರಿಕ್ರಮ ತಂಡ ನುಡಿಸಿತು. ಮುಖ್ಯ ತಂಡದ ಬಾಸ್ ವಾದಕ ಸ್ಟೀವ್ ಹ್ಯಾರಿಸ್‌ನ ಮಗಳು ಲಾರೆನ್ ಕೂಡ ಹಾಡಿದಳು. ಆಮೇಲೆ ಮುಖ್ಯ ತಂಡದ ಗಾಯಕ ಬ್ರೂಸ್ ಡಿಕಿನ್ಸನ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಲೇ ಹಾಡಿದ. ಏದುಸಿರಿಲ್ಲ! ನಾವು ನಿಂತಲ್ಲೇ ಏದುತ್ತಿದ್ದೆವು. ಕುಣಿತಕ್ಕೆ ಎದ್ದ ಧೂಳು ಮೂಗಿಗೆ ಹೋಗಿ, ಮಾರನೇ ದಿನ ಸೀನಿದರೂ ಕೆಂಪು ಮಣ್ಣು.

ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲವಾದ್ದರಿಂದ ಇಂಥ ಕಾರ್ಯಕ್ರಮಗಳೆಲ್ಲ ಹತ್ತರೊಳಗೇ ಮುಗಿಯುತ್ತವೆ. ಆಟೋದ ‘ಒನ್ ಅಂಡ್ ಹಾಫ್’ ಬಾಡಿಗೆ ಶುರುವಾಗುವುದೂ ಹತ್ತಕ್ಕೇ. ನಾವು ಹೊರಬಿದ್ದು ಆಟೋ ಹುಡುಕುವ ಹೊತ್ತಿಗೆ ಸರಿಯಾಗಿ ಹತ್ತು ಹೊಡೆದಿರುತ್ತದೆ. ಆ ರಾತ್ರಿ ಮೇಖ್ರಿ ಸರ್ಕಲ್ ಕಡೆ ಕಾಲೆಳೆದುಕೊಂಡು ನಡೆಯುವಾಗಲೇ ಫುಟ್‌ಪಾತಿನ ಗುಡ್ಡೆಯಿಂದ ಈ ಟೀಶರ್ಟು ಚೌಕಾಸಿ ಮಾಡಿ ಎತ್ತಿದ್ದು. ಒಳಗೆ ಮಾರುತ್ತಿದ್ದ ಅಸಲಿ ಮಾಲಿಗೆ ನಮ್ಮ ಜೇಬು ಒಪ್ಪಿರಲಿಲ್ಲ.

ನಕಲಿಯಾದರೇನು, ಮಾತಿಗೆ ಎಳೆಯುವ ಕೆಲಸದಲ್ಲಿ ಇದು ಅಸಲಿಗಿಂತ ಒಂದು ಕೈ ಮೇಲು. ಇದನ್ನು ತೊಟ್ಟು ಪಾರ್ಕಿಗೆ ಹೋದರೆ ಬಿಳಿ ಗಡ್ಡದವರೊಬ್ಬರು ತಡೆದು ನಿಲ್ಲಿಸಿ, 2003ರ ಏಪ್ರಿಲ್ಲಿನಲ್ಲಿ ಅದೇ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ಹಾಡುವಾಗ ಮಳೆಯಲ್ಲಿ ನೆಂದ ಕಥೆ ಬಿಚ್ಚುತ್ತಾರೆ. ದರ್ಶಿನಿಯಲ್ಲಿ ಕಾಫಿ ಹೀರುವ ಹುಡುಗ 2011ರ ಮೆಟಾಲಿಕಾ ಬ್ಯಾಂಡಿನ ಕಥೆ ತೆಗೆಯುತ್ತಾನೆ. ಗುರ್‌ಗಾಂವ್‌ನ ಕಾರ್ಯಕ್ರಮ ಕೊನೇ ಗಳಿಗೆಯಲ್ಲಿ ರದ್ದಾಗಿ, ಎರಡೇ ದಿನಕ್ಕೆ ಬೆಂಗಳೂರಲ್ಲಿ ಸಾಂಗವಾಗಿ ನಡೆಯಿತಲ್ಲ, ಆ ಹೆಮ್ಮೆ ಅವನಿಗೆ ಇನ್ನೂ ಇಳಿದಿಲ್ಲ.

ರಾಯರು ಅಂತೂ ಬಿಡಲಿಲ್ಲ. “ಆ ಮೈದಾನಕ್ಕೆ ನಾನೂ ಹೋಗಿದ್ದೆ ಕಣ್ರೀ, 2005ರಲ್ಲಿ. ಗಾಯಕ ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮ. ಏನು ಜನ, ಏನು ಜನ! ಎಲ್ಲಿ ನೋಡಿದರೂ ತಲೆ. ಅವರು ದನಿ ಎತ್ತಿದ್ದೇ ತಡ, ಇಡೀ ಮೈದಾನ ಹಾಡ್ತಿತ್ತು. ಟೀಶರ್ಟು ಗೀಶರ್ಟು ಏನಿಲ್ಲ, ಗಂಟಲು ಕಟ್ಟಿಸ್ಕೊಂಡು ಮನೆಗೆ ಬಂದೆ.” ಅಂದವರೇ ಕಾಂಪೌಂಡಿನ ಮೇಲೆ ತಾಳ ಹಾಕಿ ಹಾಡಲು ಶುರು ಮಾಡಿದರು. ನೀರಿನ ಪೈಪು ನನ್ನ ಕೈಯಲ್ಲೇ ಇತ್ತು, ದಾಸವಾಳದ ಬುಡ ಕೆರೆಯಾಯಿತು.

ಹಳೇ ಟೀಶರ್ಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕುವವರಿದ್ದಾರೆ. ನನಗದು ಸೇರದು. ಗೋಡೆಯ ಮೇಲಿನದನ್ನು ಬಂದವರು ನೋಡಿ ಸುಮ್ಮನಾಗುತ್ತಾರೆ, ಮೈಮೇಲಿನದನ್ನು ಕಂಡರೆ ತಮ್ಮದೊಂದು ಹೇಳದೆ ಹೋಗುವುದಿಲ್ಲ. ನಿಮ್ಮ ಬೀರುವಿನಲ್ಲೂ ಇಂಥದ್ದೊಂದು ಇದ್ದರೆ ಹೊರಗೆ ತೆಗೆದು ತೊಡಿ. ಒಗೆಯುವಾಗ ಒಳಮೈ ಹೊರಗೆ ಮಾಡಿ, ಪ್ರಿಂಟಿನ ಮೇಲೆ ಇಸ್ತ್ರಿ ಪೆಟ್ಟಿಗೆ ಮಾತ್ರ ಇಡಬೇಡಿ.