ಹಿತ್ತಲ ಚೆರ್ರಿಯ ಸ್ವಾಮ್ಯ ನಿರ್ಣಯ

ಹುಳಿ ಚೆರ್ರಿ ಸಸಿಯನ್ನು ದುಡ್ಡು ಕೊಟ್ಟು ತಂದು, ಗುಂಡಿ ತೋಡಿ ನೆಟ್ಟು, ನಾಲ್ಕೈದು ವರ್ಷ ನೀರೆರೆದವನು ಅದರ ಒಡೆಯನೆ? ಅಮೆರಿಕದ ಮಿಶಿಗನ್ ರಾಜ್ಯದ ಹಿತ್ತಲುಗಳಲ್ಲಿ ಜುಲೈ ಬಂತೆಂದರೆ ಕಾವೇರುವ ಈ ವ್ಯಾಜ್ಯವನ್ನು ಪೂರ್ವಪಕ್ಷ, ಖಂಡನೆ, ಸಿದ್ಧಾಂತಗಳ ಸಮೇತ ಇತ್ಯರ್ಥ ಮಾಡುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ವಸ್ತುನಿರ್ದೇಶ. ಕೇಕಿನ ನೆತ್ತಿಯ ಮೇಲೆ ಕೂರುವ ಕೆಂಪು ಗುಂಡು ಇಲ್ಲಿ ವಿಚಾರಾರ್ಹವಲ್ಲ. ನಮ್ಮೂರ ಬೇಕರಿಗಳಲ್ಲಿ ಅದು ಎಷ್ಟೋ ಸಲ ಬಣ್ಣ ಬಳಿದು ಪಾಕಕ್ಕೆ ಹಾಕಿದ ಕವಳಿಕಾಯಿ. ಆ ಮೋಸದ ವಿಚಾರಣೆಗೆ ಬೇರೆ ಪೀಠ ಬೇಕು. ನಮ್ಮ ವಿವಾದದ ವಸ್ತು ಪ್ರೂನಸ್ ಸೆರಾಸಸ್: ಬಾಯಿಗಿಟ್ಟರೆ ಕಣ್ಣು ಮುಚ್ಚಿಸುವ, ಸಕ್ಕರೆಯೊಂದಿಗೆ ಬೇಯಿಸಿದರೆ ಕಣ್ಣು ತೆರೆಸುವ ಹಣ್ಣು. ಸಿಹಿ ಚೆರ್ರಿಗೆ 16 ವರ್ಣತಂತುಗಳಾದರೆ ಇದಕ್ಕೆ 32. ಇಷ್ಟು ಆಸ್ತಿಯಿದ್ದ ಮೇಲೆ ಹುಳಿಮುಖ ಸಹಜ. 1852ರಲ್ಲಿ ಪೀಟರ್ ಡಾಹರ್ಟಿ ಎಂಬ ಪಾದ್ರಿ ಟ್ರಾವರ್ಸ್ ಸಿಟಿಯ ಹತ್ತಿರದ ಓಲ್ಡ್ ಮಿಷನ್ ಪರ್ಯಾಯದ್ವೀಪದಲ್ಲಿ ಚೆರ್ರಿ ನೆಟ್ಟರು. ಈಗ ಅಮೆರಿಕದ ಹುಳಿ ಚೆರ್ರಿಯಲ್ಲಿ ಸುಮಾರು ಮುಕ್ಕಾಲು ಪಾಲು ಮಿಶಿಗನ್ನಿನದೇ. ಅದರಲ್ಲೂ ಮಾಂಟ್‌ಮೊರೆನ್ಸಿ ತಳಿಯದೇ ದರ್ಬಾರು.

ನೆಟ್ಟವನೇ ಒಡೆಯ ಎಂಬುದು ಪೂರ್ವಪಕ್ಷ. ಈ ಮರ ತನ್ನ ಹೂವಿನಿಂದ ತಾನೇ ಕಾಯಿ ಕಟ್ಟಿಕೊಳ್ಳುತ್ತದೆ, ಜೊತೆಗೆ ಇನ್ನೊಂದು ತಳಿ ಬೇಡ, ಆದ್ದರಿಂದ ಯಜಮಾನ ಒಬ್ಬನೇ ಸಾಕು ಎಂದು ಇವರ ತರ್ಕ. ಇದು ನಿಲ್ಲುವುದಿಲ್ಲ. ಮರ ಕೇಳುವುದು ಚಳಿಯ ಮಾತನ್ನು ಮಾತ್ರ. ಚಳಿಗಾಲದಲ್ಲಿ ಸುಮಾರು ಸಾವಿರ ಗಂಟೆ ತಂಪು ಲೆಕ್ಕಕ್ಕೆ ಬರದಿದ್ದರೆ ಅದು ಸರಿಯಾಗಿ ಹೂ ಬಿಡದು. ಬೆಂಗಳೂರಿನ ಡಿಸೆಂಬರ್ ಅದಕ್ಕೆ ಬರೀ ಮಧ್ಯಾಹ್ನದ ನಿದ್ದೆ. ಅಂಥ ಲೆಕ್ಕಿಗನೂ ಮೋಸಹೋಗುವುದುಂಟು. 2012ರ ಮಾರ್ಚಿನಲ್ಲಿ ಮಿಶಿಗನ್ನಿಗೆ ಅಕಾಲದ ಬೇಸಿಗೆ ಬಂತು, ಮೊಗ್ಗುಗಳು ಎದ್ದವು, ಏಪ್ರಿಲಿನ ಹಿಮ ಅವನ್ನು ಸುಟ್ಟಿತು. ಆ ವರ್ಷ ರಾಜ್ಯದ ಹುಳಿ ಚೆರ್ರಿ ಫಸಲು ಹೆಚ್ಚುಕಡಿಮೆ ಕೈಬಿಟ್ಟೇಹೋಯಿತು. ಯಾವ ಒಡೆಯನನ್ನೂ ಯಾರೂ ಒಂದು ಮಾತು ಕೇಳಲಿಲ್ಲ.

ಇನ್ನು ಬಲೆವಾದಿಗಳು. ಮರಕ್ಕೆ ಬಲೆ ಹೊದಿಸಿದವನೇ ಒಡೆಯ ಎಂದು ಇವರ ಮತ. ಏಣಿಯ ಮೇಲೆ ನಿಂತು ಗಂಡ ಒಂದು ತುದಿ ಎಳೆದರೆ ಕೆಳಗೆ ಹೆಂಡತಿಯ ಕೈಯಲ್ಲಿದ್ದ ತುದಿ ಜಾರುತ್ತದೆ. ಸಂಜೆಯ ಹೊತ್ತಿಗೆ ಬಲೆಯೊಳಗೆ ಅಂಗಿಯ ಗುಂಡಿ, ಎರಡು ಕೊಂಬೆ ಮತ್ತು ಒಂದು ರಾಬಿನ್ ಹಕ್ಕಿ ಇರುತ್ತವೆ. ಇವರ ಉಪಶಾಖೆಯವರು ಹಳೆಯ ಸಿ.ಡಿ.ಗಳನ್ನು ತೂಗುಹಾಕುತ್ತಾರೆ. ಪ್ಲಾಸ್ಟಿಕ್ ಗೂಬೆ ಇಡುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ರಾಬಿನ್ನಿಗೆ ಕೂರಲು ಒಳ್ಳೆಯ ಜಾಗವಾಯಿತು.

ಪ್ರಮಾಣವಾಗಿ ನಿಲ್ಲುವುದು ಒಂದೇ: ಹಣ್ಣಾದದ್ದು ಮೊದಲು ಯಾರಿಗೆ ತಿಳಿಯುತ್ತದೆ? ಮನುಷ್ಯ ಭಾನುವಾರ ಬುಟ್ಟಿ ಹಿಡಿದು ಬರುತ್ತಾನೆ. ಹಕ್ಕಿ ಶನಿವಾರ ಬೆಳಗಿನ ಜಾವವೇ ಬಂದು ಹೋಗಿರುತ್ತದೆ. ‘ನಾಳೆ ಕೀಳೋಣ’ ಎಂದವನ ಹಕ್ಕು ಆ ಕ್ಷಣಕ್ಕೇ ಲುಪ್ತ. ಎಂದಮೇಲೆ ಒಡೆತನ ರಾಬಿನ್ನಿನದು, ಮನುಷ್ಯ ಗೇಣಿದಾರ.

ಹೀಗೆ ಸಿದ್ಧಾಂತ ಸ್ಥಿರವಾಗುವಷ್ಟರಲ್ಲಿ ಕನ್ನಡದ ಕಡೆಯಿಂದ ಒಂದು ತಕರಾರು. ಡೆಟ್ರಾಯಿಟ್ ಸುತ್ತಮುತ್ತಲ ಮಗನ ಮನೆಗೆ ಬೇಸಿಗೆ ಕಳೆಯಲು ಬಂದ ಅತ್ತೆ ಹಿತ್ತಲಿಗೆ ಇಳಿದು, ದೋರೆಗಾಯಿಯೊಂದನ್ನು ಕಚ್ಚಿ, ಸೊಸೆಗೆ ಹೇಳುವ ಮಾತು: ‘ಹಣ್ಣಾಗೋ ತನಕ ಯಾಕೆ ಕಾಯ್ತೀಯಮ್ಮ, ನಮಗೆ ಬೇಕಾದ್ದು ಹುಳಿ ತಾನೆ?’ ಬೆಲ್ಲ, ಒಣಮೆಣಸಿನಕಾಯಿ, ಹುರಿದ ಮೆಂತ್ಯ ಬಿದ್ದು ಗೊಜ್ಜಾಗುವ ಹೊತ್ತಿಗೆ ರಾಬಿನ್ನಿನ ಪಂಚಾಂಗದಲ್ಲಿ ಇನ್ನೂ ಒಂದು ವಾರ ಬಾಕಿ. ಬಲೆ, ಸಿ.ಡಿ., ಗೂಬೆ ಸಾಧಿಸದ್ದನ್ನು ಒಂದು ಒಗ್ಗರಣೆ ಸಾಧಿಸಿತು. ಕಾಯಿಗೆ ಬೀಜ ಕಚ್ಚಿಕೊಂಡಿರುತ್ತದೆ, ಅವರವರ ತಟ್ಟೆಯಲ್ಲಿ ಅವರವರು ತೆಗೆದುಕೊಳ್ಳಲಿ. ಬೀಜವನ್ನು ಮಾತ್ರ ಒಡೆದು ಅರೆಯಬಾರದು, ತಿರುಳಿನಿಂದ ಸಯನೈಡ್ ಹುಟ್ಟುತ್ತದೆ. ಶಾಸ್ತ್ರಚರ್ಚೆಯಲ್ಲಿ ಅಷ್ಟು ದೂರ ಹೋಗುವುದು ಬೇಡ.

ಆದ್ದರಿಂದ ತೀರ್ಪು: ಕಾಯಿ ಅತ್ತೆಯದು, ಹಣ್ಣು ಹಕ್ಕಿಯದು, ಚಳಿಗಾಲದ ಕೊನೆಗೆ ಕೊಂಬೆ ಸವರುವ ಕೆಲಸ ನೆಟ್ಟವನದು, ಕಾರಿನ ಮೇಲೆ ಬಿದ್ದ ಕೆನ್ನೀಲಿ ಹಿಕ್ಕೆ ತೊಳೆಯುವುದೂ ಅವನದೇ. ಹಿಕ್ಕೆಯೊಳಗಿನ ಬೀಜ ಬೇಲಿಯಾಚೆ ಮೊಳೆತರೆ ಆ ಸಸಿ ಯಾರದು ಎಂದು ಪಕ್ಕದ ಮನೆಯವರು ಈಗಾಗಲೇ ಕೇಳಿದ್ದಾರೆ. ಅವರ ಮನೆಗೂ ಒಂದು ಬಟ್ಟಲು ಗೊಜ್ಜು ಹೋಗಿದೆ.